ಬ್ಯಾಗಿನೊಳಗಿನ ತೇವ

ಇಂಥ ಸಂಗತಿಗಳನ್ನು ಯಾರಾದರೂ ಹೇಳತೊಡಗಿದರೆ ಎದ್ದು ಹೋಗುತ್ತಿದ್ದವನು ನಾನು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಇದನ್ನೆಲ್ಲ ನಂಬುವುದಾದರೆ ಬಿ.ಎಸ್ಸಿ. ಯಾಕೆ ಮಾಡಬೇಕಿತ್ತು ಎಂದು ನೆಂಟರ ಎದುರೇ ಕೇಳಿದ್ದೇನೆ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ನನ್ನ ಕೈಗೇ ತಾಗಿದ್ದನ್ನು ಇಲ್ಲವೆನ್ನುವುದು ಹೇಗೆ? ನೀವೇ ಹೇಳಿ.

ತೊಂಬತ್ತರ ದಶಕದ ನಡುವಿನ ಮಾತು. ರಿಯಾದಿನ ಒಂದು ಕಟ್ಟಡ ಕಂಪೆನಿಯ ಲ್ಯಾಬಿನಲ್ಲಿ ನನಗೆ ಕೆಲಸವಿತ್ತು. ಕಾಂಕ್ರೀಟಿಗೆ ಹಾಕುವ ಮರಳಿನಲ್ಲಿ ಎಷ್ಟು ತೇವವಿದೆ ಎಂದು ನೋಡುವುದು. ಓವನ್ನಿನಲ್ಲಿ ಒಣಗಿಸಿ, ಮತ್ತೆ ತೂಗಿ, ಬರೆದಿಡುವುದು. ಒಗೆದ ಅಂಗಿ ಹಗ್ಗಕ್ಕೆ ಹಾಕಿದ ಸ್ವಲ್ಪ ಹೊತ್ತಿಗೇ ಗರಿಗರಿಯಾಗುವ ಊರು ಅದು.

ಆ ವರ್ಷದ ಮೊದಲಲ್ಲಿ ಅಮ್ಮ ತೀರಿಹೋದಳು. ನನ್ನ ಪಾಸ್‌ಪೋರ್ಟ್ ಕಂಪೆನಿಯ ಕಪಾಟಿನಲ್ಲಿತ್ತು. ರಜೆಯ ಕಾಗದಕ್ಕೆ ಸಹಿ ಹಾಕಬೇಕಾದ ಕಫೀಲ್, ಅಂದರೆ ನಮ್ಮ ಮಾಲಕ, ಬೇರೆ ದೇಶಕ್ಕೆ ಹೋಗಿದ್ದ. ಅವನು ಮರಳುವಷ್ಟರಲ್ಲಿ ಊರಿನಲ್ಲಿ ಅಮ್ಮನ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು. ಆಮೇಲೆ ನನಗೆ ರಜೆಯೇ ಬೇಡವಾಯಿತು. ಯಾರನ್ನು ನೋಡಲು ಹೋಗಬೇಕು?

ಆದರೆ ತಂಗಿ ಪುಷ್ಪಳ ಮದುವೆ ನಿಶ್ಚಯವಾಯಿತು, ಹೋಗಲೇಬೇಕಾಯಿತು. ಅವಳು ಕೇಳಿದ್ದು ಒಂದೇ, ಒಂದು ಫಾರಿನ್ ಹ್ಯಾಂಡ್‌ಬ್ಯಾಗ್. ಒಂದು ಶುಕ್ರವಾರ ಸಂಜೆ ನನ್ನ ರೂಮಿನ ಜೊತೆಗಾರ, ವಿಟ್ಲದ ಇಬ್ರಾಹಿಂ, ನನ್ನನ್ನು ಬತ್ತಾ ಪೇಟೆಗೆ ಕರೆದೊಯ್ದ. ಅಂಗಡಿಗಳ ತುಂಬ ದೊಡ್ಡ ದೊಡ್ಡ ಕಂಪೆನಿಗಳ ಹೆಸರು ಹೊತ್ತ ಬ್ಯಾಗುಗಳು ತೂಗುತ್ತಿದ್ದವು. ಎಲ್ಲವೂ ಡೂಪ್ಲಿಕೇಟ್. ಊರಿಗೆ ಹೋಗುವವರೆಲ್ಲ ಒಯ್ಯುತ್ತಿದ್ದುದು ಅವನ್ನೇ. ನನಗೆ ಮನಸ್ಸು ಬರಲಿಲ್ಲ. ಹಳತಾದರೂ ಅಡ್ಡಿಯಿಲ್ಲ, ಒರಿಜಿನಲ್ಲೇ ಬೇಕು ಎಂದೆ.

“ಊರಲ್ಲಿ ಯಾರಿಗೆ ಗೊತ್ತಾಗ್ತದೆ ಮಾರಾಯ್ರೆ? ಬ್ಯಾಗಿಗೂ ಸರ್ಟಿಫಿಕೇಟ್ ಕೇಳ್ತೀರಲ್ಲ ನೀವು,” ಎಂದು ಇಬ್ರಾಹಿಂ ನಕ್ಕ. “ಬಿಎಸ್ಸಿಯವರನ್ನು ಅಂಗಡಿಗೆ ಕರ್ಕೊಂಡು ಬರ್ಲೇಬಾರ್ದು.”

ಆದರೂ ಹಳೆ ಸಾಮಾನಿನ ಸಂತೆಗೆ ಗಾಡಿ ತಿರುಗಿಸಿದ. ಅಲ್ಲಿ ದೊಡ್ಡ ಮನೆಗಳವರು ಬೇಡವೆಂದು ಬಿಟ್ಟದ್ದೆಲ್ಲ ನೆಲದ ಮೇಲೆ ರಾಶಿ ಬಿದ್ದಿರುತ್ತದೆ. ಸೋಫಾ, ಗಡಿಯಾರ, ಸೂಟು, ಬ್ಯಾಗು. ಒಬ್ಬ ಸುಡಾನಿ ಮುದುಕನ ರಾಶಿಯಲ್ಲಿ ಕಂದು ಬಣ್ಣದ ಚರ್ಮದ ಬ್ಯಾಗೊಂದು ಕಂಡಿತು. ಹೊಲಿಗೆ ನೋಡಿದರೇ ಅಸಲಿ ಎಂದು ಗೊತ್ತಾಗುತ್ತಿತ್ತು. ಬಿಗಿಯಾಗಿದ್ದ ಕೊಂಡಿಯನ್ನು ಎಳೆದು ತೆರೆದೆ.

ನೆನೆಸಿಟ್ಟ ಬೀಡಿ ಎಲೆಯ ವಾಸನೆ. ಜೊತೆಗೆ ಹೊಗೆಸೊಪ್ಪಿನ ಹುಡಿ, ತೆಂಗಿನೆಣ್ಣೆ. ಮಡಿಲಲ್ಲಿ ಮೊರ ಇಟ್ಟುಕೊಂಡು ಕೂತ ಅಮ್ಮನ ಬೆನ್ನಿಗೆ ಒರಗಿ ನಾನು ಪಾಠ ಓದುತ್ತಿದ್ದಾಗ ಬರುತ್ತಿದ್ದ ಅದೇ ವಾಸನೆ. ಕೈ ಹಾಕಿದರೆ ಒಳಗಿನ ಬಟ್ಟೆ ತಣ್ಣಗೆ, ತೇವವಾಗಿತ್ತು. ಎಲೆ ಸುತ್ತಿಡುವ ಒದ್ದೆ ಗೋಣಿಯ ಹಾಗೆ.

ಸುಮ್ಮನೆ ಇಬ್ರಾಹಿಮನ ಕೈಗೆ ಕೊಟ್ಟೆ. ಅವನ ಅಮ್ಮನೂ ಬೀಡಿ ಕಟ್ಟಿದವಳೇ. ಮೂಸಿದವನ ಮುಖದಿಂದ ನಗು ಹೋಯಿತು.

“ಎಂತ ಇದು? ಬೀಡಿ ಎಲೆ ಅಲ್ವಾ?” ಎಂದ, ತೀರಾ ಮೆಲ್ಲಗೆ.

ಮುದುಕನಿಗೆ ವಾಸನೆ ಬಂದಂತೆ ಕಾಣಲಿಲ್ಲ. ಆದರೆ ಕೈ ಒಳಗೆ ಹಾಕಿ, ತೇವವನ್ನು ಅಂಗಿಗೆ ಒರೆಸಿಕೊಂಡು, ಯಾರೋ ನೀರು ಚೆಲ್ಲಿದ್ದಾರೆಂದು ಬೈದ. ಹೊರಗಿನ ಚರ್ಮ ಒಣಗಿಯೇ ಇತ್ತು. ಅದೇ ರಾಶಿಯ ಬೇರೆ ಬ್ಯಾಗುಗಳನ್ನೂ ತೆರೆದು ನೋಡಿದೆ. ಧೂಳು ಬಿಟ್ಟರೆ ಬೇರೇನಿಲ್ಲ. ಕೇಳಿದ ದುಡ್ಡು ಕೊಟ್ಟು ಆ ಕಂದು ಬ್ಯಾಗನ್ನೇ ಕೊಂಡೆ.

ಬ್ಯಾಗು ಯಾವ ಮನೆಯದೋ ಆ ಮನೆಯಲ್ಲಿ ನಮ್ಮ ಕಡೆಯ ಹೆಂಗಸು ಯಾರೋ ಕೆಲಸಕ್ಕಿದ್ದಿರಬಹುದು ಎಂದು ಇಬ್ರಾಹಿಂ ದಾರಿಯುದ್ದಕ್ಕೂ ಹೇಳಿದ. ಆದೀತು. ಆದರೆ ತೇವ? ರೂಮಿನಲ್ಲಿ ಬ್ಯಾಗಿನ ಬಾಯಿ ತೆರೆದಿಟ್ಟೆ, ಒಣಗಲಿಲ್ಲ. ಲ್ಯಾಬಿಗೆ ಒಯ್ದು ಓವನ್ನಿನ ಪಕ್ಕ ಇಟ್ಟೆ. ಮರಳಿನ ಕೊನೆಯ ಹನಿಯನ್ನೂ ಹೀರುವ ಆ ಬಿಸಿಯಲ್ಲೂ ಸಂಜೆಗೆ ಕೈ ಹಾಕಿದರೆ ತೇವ. ಆಮೇಲೆ ಒಣಗಿಸುವ ಯತ್ನವನ್ನೇ ಬಿಟ್ಟೆ. ದಿನಾ ಕೆಲಸದಿಂದ ಬಂದು ಅದರೊಳಗೆ ಕೈ ಇಟ್ಟು ಕೂರುತ್ತಿದ್ದೆ. ಸತ್ತಾಗ ಮುಖ ನೋಡಲಾಗದವನಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂದುಕೊಂಡೆ. ಇಬ್ರಾಹಿಂ ನೋಡಿಯೂ ನೋಡದಂತೆ ಇರುತ್ತಿದ್ದ. ಒಂದು ದಿನ ಮಾತ್ರ, ಇದನ್ನು ತಂಗಿಗೆ ಕೊಡಬೇಡಿ, ನಿಮಗೇ ಇರಲಿ ಎಂದ.

ನಾನು ಅವನ ಮಾತು ಕೇಳಲಿಲ್ಲ. ಅವಳಿಗೂ ಅಮ್ಮನಲ್ಲವೇ? ಕೊನೆಯ ತನಕ ನೋಡಿಕೊಂಡದ್ದೂ ಅವಳೇ. ವಿಮಾನದಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದೆ. ಮುಂಬಯಿಯಲ್ಲಿ ಇಳಿದಾಗಲೂ ವಾಸನೆ ಇತ್ತು.

ಮನೆಯಲ್ಲಿ ಪುಷ್ಪ ಕೊಂಡಿ ತೆರೆದು, ಮೂಗು ಹತ್ತಿರ ತಂದು, “ಚರ್ಮದ ವಾಸನೆ. ಚಂದ ಉಂಟು ಅಣ್ಣ,” ಎಂದಳು. ನಾನು ಕಸಿದುಕೊಂಡಂತೆ ತೆಗೆದು ಕೈ ಹಾಕಿದೆ. ಒಳಗೆ ಪೂರ್ತಿ ಒಣಗಿತ್ತು. ಉಪ್ಪು ಕೂಡ ಡಬ್ಬಿಯಲ್ಲೇ ನೀರಾಗುವ ನಮ್ಮ ಕರಾವಳಿಯ ಮನೆಯಲ್ಲಿ ಅದು ರಿಯಾದಿನ ಮರಳಿನಂತೆ ಒಣಗಿತ್ತು.

ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ.

“ಅದು ಅಮ್ಮ ಆಗಿರ್ಲಿಕ್ಕಿಲ್ಲ ಅಣ್ಣ,” ಎಂದಳು. “ಕಡೆಕಡೆಗೆ ಅಮ್ಮನಿಗೆ ಕೈ ಎತ್ಲಿಕ್ಕೇ ಆಗ್ತಿರ್ಲಿಲ್ಲ. ಬೀಡಿ ಬಿಟ್ಟು ಎಷ್ಟೋ ಸಮಯ ಆಗಿತ್ತು. ಮೈಯೆಲ್ಲ ಮದ್ದಿನ ವಾಸನೆ. ನೀನು ನೋಡ್ಲಿಲ್ಲ, ನಿಂಗೆ ಗೊತ್ತಿಲ್ಲ.”

ನೋಯಿಸಲು ಹೇಳಿದ ಮಾತಲ್ಲ ಅದು. ಹಾಗಾದರೆ ರಿಯಾದಿನಲ್ಲಿ ನನ್ನ ಕೈಗೆ ತಾಗಿದ್ದು ಯಾರು? ಇಬ್ರಾಹಿಮನಿಗೂ ಆ ವಾಸನೆ ಬಂದದ್ದು ಹೇಗೆ? ಓದಿದವನಲ್ಲವೇ ನಾನು, ಉತ್ತರ ನನ್ನಲ್ಲಿರಬೇಕಿತ್ತು.

ಪುಷ್ಪ ಆ ಬ್ಯಾಗನ್ನು ಗಂಡನ ಮನೆಗೆ ಒಯ್ಯಲಿಲ್ಲ. ಇನ್ನೂ ಊರಿನ ಮನೆಯಲ್ಲಿ ನನ್ನ ಕಪಾಟಿನಲ್ಲೇ ಇದೆ. ಆಟಿ ತಿಂಗಳ ಜಡಿಮಳೆಯಲ್ಲಿ ಬೆಲ್ಟು, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ, ಅದಕ್ಕೆ ಇಲ್ಲ. ಒಮ್ಮೊಮ್ಮೆ ಕೊಂಡಿ ತೆರೆದು ಕೈ ಇಟ್ಟು ಕಾಯುತ್ತೇನೆ. ಕೈ ಒಣಗಿಯೇ ಹೊರಗೆ ಬರುತ್ತದೆ.