ಎರಡನೇ ನಿಮಿಷದ ಉಸಿರು

ಬೀದಿಯಲ್ಲಿ ಇನ್ನೂ ಬಸ್ಸು ಓಡಾಡದ ಹೊತ್ತು. ಮೂರನೇ ಮಹಡಿಯ ಪುಟ್ಟ ಕೋಣೆಯಲ್ಲಿ ಕಿವಿಯಮ್ಮ ಫ್ಯಾನ್ ಆರಿಸಿ, ಕೈಗಡಿಯಾರ ಬಿಚ್ಚಿ ಡ್ರಾಯರಿನೊಳಗೆ ಹಾಕಿ, ಹೆಡ್‌ಫೋನ್ ಏರಿಸಿಕೊಳ್ಳುತ್ತಾರೆ. ಗಿಟಾರ್ ಗುಡುಗುತ್ತದೆ, ಡ್ರಮ್ಮು ಬಡಿಯುತ್ತದೆ. ಅವರ ಲಕ್ಷ್ಯವೆಲ್ಲ ಹಾಡಿನ ಸಂದುಗೊಂದಿನಲ್ಲಿ ಕೂತ ಕಸದ ಮೇಲೆ.

ಹಳೆಯ ರಾಕ್ ಆಲ್ಬಮ್‌ಗಳನ್ನು ಮೂಲ ಟೇಪಿನಿಂದಲೇ ಸಣ್ಣ ಸದ್ದನ್ನೂ ಬಿಡದ ಹೈ-ರೆಸ್ ಡಿಜಿಟಲ್ ಫೈಲುಗಳಿಗೆ ಇಳಿಸುವ ಸ್ಟುಡಿಯೊ ಇದು. ಕ್ಯಾಸೆಟ್ಟಿನಲ್ಲಿ ಮುಚ್ಚಿಹೋಗಿದ್ದ ಸದ್ದೆಲ್ಲ ಈ ಫೈಲುಗಳಲ್ಲಿ ಎದ್ದು ಕೂರುತ್ತದೆ. ಕುರ್ಚಿಯ ಕಿರ್ರು, ಯಾರದೋ ಕೆಮ್ಮು. ಅವನ್ನು ನಿಮಿಷ, ಸೆಕೆಂಡು ಸಮೇತ ಪಟ್ಟಿ ಮಾಡಿಕೊಡುವುದು ಇವರ ಕೆಲಸ. ದಿನಕ್ಕೆ ಮೂರು ಆಲ್ಬಮ್, ಒಂದೊಂದನ್ನೂ ಎರಡು ಸಲ. ಹತ್ತೊಂಬತ್ತು ವರ್ಷದಿಂದ ಇದೇ. ಹಾಗಾಗಿಯೇ 'ಕಿವಿಯಮ್ಮ' ಎಂಬ ಅಡ್ಡಹೆಸರು.

"ಅಕ್ಕಿ ಆರಿಸಿದ ಹಾಗೇ ಇದೂ," ಎನ್ನುತ್ತಾರೆ. "ಕಲ್ಲು ಸಿಗದಿದ್ರೆ ಖುಷಿ, ಸಿಕ್ಕಿದ್ರೆ ಇನ್ನೂ ಖುಷಿ."

ವಯಸ್ಸು ಐವತ್ತೆಂಟು. ಎಡಗಿವಿಯಿಂದ ಸಣ್ಣ ದನಿಗಳು ಜಾರತೊಡಗಿವೆ. "ಮನೇಲಿ ಮಗಳು ಕರೆದ್ರೆ ಕೇಳಿಸಲ್ಲ. ಅಮ್ಮ ಬೇಕಂತಲೇ ಕೇಳಿಸ್ಕೊಳ್ಳಲ್ಲ ಅಂತ ಅವಳ ದೂರು."

ಕಳೆದ ತಿಂಗಳು ಅವರ ಮೇಜಿಗೆ ಬಂದದ್ದು ಮೂವತ್ತೈದು ವರ್ಷ ಹಿಂದಿನ ಆಲ್ಬಮ್. ಅದರ ನಾಲ್ಕನೇ ಹಾಡಿನ ಹಿನ್ನೆಲೆಗೆ ದನಿಗೂಡಿಸಿದವಳು ಅವರ ಒಡಹುಟ್ಟಿದ ಅಕ್ಕ. ಕವರಿನ ಮೇಲೆ ಅವಳ ಹೆಸರಿಲ್ಲ. ಹಾಡಿದ ಮರುವರ್ಷವೇ ಕಾಯಿಲೆಯಲ್ಲಿ ತೀರಿಕೊಂಡಳು. ಕ್ಯಾಸೆಟ್ಟು ಸವೆಯುವಷ್ಟು ಕೇಳಿದ್ದ ತಂಗಿಗೆ ಈ ಸಲ ಎಂದೂ ಕೇಳದ್ದೊಂದು ಕೇಳಿಸಿತು. ದನಿ ಎತ್ತುವ ಮುಂಚೆ ಅಕ್ಕ ಎಳೆದುಕೊಂಡ ಉಸಿರು.

"ಒಂದೇ ಹಾಸಿಗೇಲಿ ಮಲಗ್ತಿದ್ವಿ. ಆ ಉಸಿರು ನಂಗೆ ಗೊತ್ತಾಗಲ್ವಾ?"

ಸ್ಟುಡಿಯೊದ ಲೆಕ್ಕದಲ್ಲಿ ಅದೂ ಕಸವೇ. ಪಟ್ಟಿಗೆ ಸೇರಿದರೆ ಅಳಿಸಿಬಿಡುತ್ತಾರೆ. ಪಟ್ಟಿಗೆ ಸೇರಿಸದೆ ಬಿಟ್ಟಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ. ಆದರೆ ಗೊತ್ತಿದ್ದೂ ಒಂದು ಸದ್ದನ್ನು ಬಿಟ್ಟ ಕೈಯಲ್ಲ ಅದು. ಎರಡು ನಿಮಿಷ, ಹನ್ನೊಂದು ಸೆಕೆಂಡು ಎಂದು ಬರೆದರು. 'ಯಾವ ಸದ್ದು' ಎಂಬ ಜಾಗದಲ್ಲಿ, 'ಅಕ್ಕ'.

ಅಳಿಸುವ ಇಂಜಿನಿಯರ್ ಪಟ್ಟಿ ಹಿಡಿದು ಬಂದ. "ಕಿವಿಯಮ್ಮ, ಕೆಮ್ಮು ನೋಡಿದೀನಿ, ಕುರ್ಚಿ ನೋಡಿದೀನಿ. ಇದ್ಯಾವ ಹೊಸ ತಳಿ?"

"ನಮ್ಮಕ್ಕನ ಉಸಿರಪ್ಪ. ಕೇಳಿ ನೋಡು."

ಆತ ಕೇಳಿದ. ಇನ್ನೊಮ್ಮೆ ಕೇಳಿದ. "ಇದನ್ನ ನಾನು ಮುಟ್ಟಲ್ಲ ಬಿಡಿ," ಎಂದು ಪಟ್ಟಿಯ ಆ ಸಾಲಿಗೆ ಅಡ್ಡಗೆರೆ ಎಳೆದ.

ಆಲ್ಬಮ್ ಮುಂದಿನ ವಾರ ಹೊರಬರುತ್ತದೆ. ಅಕ್ಕನ ಹೆಸರು ಈಗಲೂ ಇಲ್ಲ. ಸೇರಿಸಿ ಅಂತ ಕೇಳಬಹುದಿತ್ತಲ್ಲ ಎಂದರೆ ಅವರು ಹೆಡ್‌ಫೋನಿನ ವೈರು ಸುತ್ತುತ್ತ ನಗುತ್ತಾರೆ.

"ಹೆಸರು ಓದಿ ಮರೀತಾರೆ. ಯಾರೋ ಒಬ್ರು ಮನೇಲಿ ಕೂತು ಕೇಳ್ತಾ ಇರೋವಾಗ, ಹಿಂದೆ ಯಾರೋ ಬಂದ್ರು ಅಂತ ಒಂದ್ಸಲ ತಿರುಗಿ ನೋಡ್ಲಿ. ನಂಗೆ ಅಷ್ಟು ಸಾಕು."