ಐದು ವಾಕ್ಯದ ದಾರಿ

ಬೆಳಗಾವಿಯ ಇಂಗ್ಲಿಷ್ ಕ್ಲಾಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದಳು. ಖಾನಾಪುರದ ಕಡೆಯವಳು, ಕುರಿ ಸಾಕುವ ಮನೆಯ ಹುಡುಗಿ. ಒಂದು ವಾಕ್ಯ ಬರೆದರೆ ಪೆನ್ನು ಎತ್ತಿಟ್ಟು, ಡೆಸ್ಕಿನ ಮೇಲೆ ಎರಡು ಬೆರಳನ್ನು ಕಾಲಿನಂತೆ ನಡೆಸಿ ನಿಲ್ಲಿಸುತ್ತಿದ್ದಳು. "ಇದನ್ನ ಓದಿದವ್ರು ಈಗ ಎಲ್ಲಿ ನಿಂತಾರ್ರಿ?" ಎಂದು ಪ್ರತಿಸಲ ನನ್ನನ್ನೇ ಕೇಳುವಳು.

ವ್ಯಾಕರಣ ನನಗೆ ಅವಳಿಗಿಂತ ಚೆನ್ನಾಗಿ ಬರುತ್ತಿತ್ತು. ಆದರೆ ಮೇಡಂ ಅವಳ ಹಾಳೆಯನ್ನು ಎತ್ತಿ ತೋರಿಸಿ, "ಪ್ಯಾರಾ ಅಂದ್ರ ಇದು ನೋಡ್ರಿ" ಎನ್ನುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಒಮ್ಮೆ ಮೇಡಂ ನಮ್ಮ ನಮ್ಮ ಮನೆಯ ದಾರಿ ಬರೆಸಿ, ಪಕ್ಕಪಕ್ಕದವರ ಹಾಳೆಗಳನ್ನು ಅದಲುಬದಲು ಮಾಡಿಸಿದರು. "ರವಿವಾರ ಹಾಳಿ ನೋಡಿ ಹೋಗ್ರಿ. ಯಾರನ್ನೂ ಕೇಳಬ್ಯಾಡ್ರಿ." ಅನಗೋಳದ ನಮ್ಮ ಓಣಿಯ ಬಗ್ಗೆ ನಾನು ಪುಟ ತುಂಬಿಸಿದ್ದೆ. ಅವಳದು ಐದೇ ವಾಕ್ಯ.

ಅವಳ ಊರಿನಲ್ಲಿ ಬಸ್ಸಿಳಿದು, ದಾರಿ ತಪ್ಪಲಿ ಎಂದು ಬಯಸುತ್ತಲೇ ನಡೆದೆ. ತಪ್ಪಲಿಲ್ಲ. ನೀರಿನ ಟಾಕಿ, ಕುರಿಹಟ್ಟಿ, ನೀಲಿ ಬಾಗಿಲು, ಎಲ್ಲವೂ ಅವಳು ಬರೆದಲ್ಲೇ ಇದ್ದವು. ಬಾಗಿಲು ತೆಗೆದ ಅವಳ ತಾಯಿ ಚಹಾ ಕೊಟ್ಟರು. "ಆಕಿ ಮುಂಜಾನೆನ ನಿಮ್ಮ ಮನಿಗಿ ಹೋಗ್ಯಾಳ್ರಿ. ಬರೂತನಕ ಕುಂದರ್ರಿ."

ಅವಳು ಬಂದಾಗ ಸಂಜೆಯಾಗಿತ್ತು. ಕೈಯಲ್ಲಿದ್ದ ನನ್ನ ಹಾಳೆ ಬೆವರಿಗೆ ಮೆತ್ತಗಾಗಿತ್ತು. ಮುಖದಲ್ಲಿ ಸಿಟ್ಟಿರಲಿಲ್ಲ.

"ಅಕ್ಕಾರ, ನಿಮ್ಮ ಇಂಗ್ಲಿಷ್ ಭಾಳ ಚಂದ ಐತ್ರಿ. ಮನಿ ಸಿಗಲಿಲ್ಲ."

ಆ ಮಾತಿಗೂ ನನಗೆ ಹೊಟ್ಟೆಕಿಚ್ಚಾಯಿತು. ಅದರಲ್ಲಿ ಕೂಡ ಒಂದೇ ಒಂದು ಶಬ್ದ ಹೆಚ್ಚಿರಲಿಲ್ಲ.