ಪಕ್ಕದ ಮನೆಯ ಸೇವಂತಿಗೆ ಕಡ್ಡಿ

ಗಿಡವನ್ನು ಕೇಳಿ ತಂದರೆ ಕೊಳೆಯುತ್ತದೆ, ಕದ್ದು ತಂದರೆ ಚಿಗುರುತ್ತದೆ ಎಂಬುದು ನಮ್ಮ ಕಡೆಯ ಹೆಂಗಸರ ನಂಬಿಕೆ. ಸಂತೆಯಲ್ಲಿ ಒಂದು ಬದನೆಕಾಯಿ ಹೆಚ್ಚಿಗೆ ಬಂದರೂ ವಾಪಸ್ ಕೊಟ್ಟು ಬರುತ್ತಿದ್ದ ನಮ್ಮವ್ವ ಕೂಡ ಹೂವಿನ ಕಡ್ಡಿಯ ವಿಷಯದಲ್ಲಿ ಕಳ್ಳಿಯೇ. ಎಪ್ಪತ್ತರ ದಶಕದಲ್ಲಿ ನಾವು ಬೀರೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಅವಳ ಕಣ್ಣು ಬಿದ್ದದ್ದು ಪಕ್ಕದ ಮನೆಯ ಹಿತ್ತಲಿನ ಸೇವಂತಿಗೆಯ ಮೇಲೆ. ಇಟ್ಟಿಗೆ ಬಣ್ಣದ ದಪ್ಪ ಹೂವು. ಬೆಳಿಗ್ಗೆ ಮುಡಿದರೆ ಸಂಜೆಯವರೆಗೂ ಬಾಡುತ್ತಿರಲಿಲ್ಲ.

ಆದರೆ ಆ ಮನೆಯ ಯಜಮಾನಿಗೂ ಅವ್ವನಿಗೂ ಮಾತು ಬಿಟ್ಟುಹೋಗಿತ್ತು. ಅದಕ್ಕೂ ಮೊದಲು ಅವ್ವ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಅವರೆಕಾಯಿ ಬಿಡಿಸುತ್ತಾ ಊರ ಸುದ್ದಿಯನ್ನೆಲ್ಲ ಆಡಿ ಮುಗಿಸುತ್ತಿದ್ದರು. ಅವರ ಮನೆಯಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಂತು. ಎಲ್ಲರ ಮನೆಗೂ ಹೋಗಿ ಕುಂಕುಮ ಕೊಟ್ಟು ಕರೆದರು. ಅವ್ವನನ್ನು ಮಾತ್ರ ಬೇಲಿಯಾಚೆಯಿಂದಲೇ ಕೂಗಿ, 'ನಾಳೆ ಬಾರೇ' ಅಂದರು. ಮನೆಯವಳೇ ತಾನೇ ಎಂಬ ಸಲಿಗೆ ಅವರದು. ಬೇರೆಯವರಿಗಿದ್ದ ಮರ್ಯಾದೆ ತನಗಿಲ್ಲವೇ ಎಂಬ ಸಂಕಟ ಅವ್ವನದು. ಅವ್ವ ಹೋಗಲಿಲ್ಲ. ಯಾಕೆ ಬರಲಿಲ್ಲವೆಂದು ಅವರು ಕೇಳಲೂ ಇಲ್ಲ. ಒಬ್ಬರಿಗಿಂತ ಒಬ್ಬರು ಹಟಮಾರಿಗಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ, ಹೈಸ್ಕೂಲು ಮುಗಿಸಿ ಮನೆಯಲ್ಲಿದ್ದ ನನಗೆ ಮಧ್ಯಾಹ್ನವೆಲ್ಲ ಬೈಗುಳ. ನನಗಂತೂ ಸಾಕಾಗಿ ಹೋಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ದಿನ, ಅವರು ಉಂಡು ಅಡ್ಡಾಗುವ ಹೊತ್ತು ನೋಡಿ, ಅವ್ವ ಬೇಲಿಯ ಬಾಗಿಲು ತಳ್ಳಿಕೊಂಡು ಹೋಗಿ ಸೆರಗಿನಲ್ಲಿ ಕಡ್ಡಿ ಮುಚ್ಚಿಕೊಂಡು ಬಂದಳು. ಕರಟಗಳಿಗೆ ತೂತು ಮಾಡಿ, ಮರಳು ತುಂಬಿ ಊರಿದಳು. ಅವಸರದಲ್ಲಿ ತಂದದ್ದು ಮೊಗ್ಗಿದ್ದ ಕಡ್ಡಿಗಳನ್ನು. ಅವು ಜೋತು ಬಿದ್ದು ಕಪ್ಪಾದವು. ಇನ್ನೊಂದು ಸಲ ಹೋಗಿ ತಂದಳು. ಅವೂ ಕಪ್ಪಾದವು.

'ಕೇಳಿದ್ರೆ ಕೊಡ್ತಾರೆ ಕಣವ್ವ' ಅಂದೆ.

'ಕೇಳ್ಬೇಕು ಅಂದ್ರೆ ಮಾತಾಡ್ಬೇಕಲ್ಲೇ' ಅಂದಳು. ಅಷ್ಟು ಹೇಳಿ, ಬೇಲಿಯಾಚೆ ನೋಡುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೂವಿಗಿಂತ ಹೆಚ್ಚಾಗಿ ಅವಳಿಗೆ ಅಕ್ಕ ಬೇಕಾಗಿದ್ದಾರೆ ಎಂದು ನನಗೆ ಆಗ ಅರ್ಥವಾಯಿತು. ನನಗೂ ಅಳು ಬಂತು.

ಮತ್ತೊಂದು ಮಧ್ಯಾಹ್ನ ನಾನೇ ಬೇಲಿಯ ಹತ್ತಿರ ಕಾವಲು ನಿಂತೆ. ಅವ್ವ ಹೂವಿದ್ದ ಕಡ್ಡಿಗೆ ಕೈ ಹಾಕಿದ್ದೇ ತಡ, ಆ ಮನೆಯ ಹಿತ್ತಲ ಬಾಗಿಲು ದಡಾರನೆ ತೆರೆದು ಅಕ್ಕ ಹೊರಗೆ ಬಂದರು.

'ಎಷ್ಟು ಸಲ ಹೂವಿನ ಕಡ್ಡೀನೇ ಮುರೀತೀಯೇ? ಅದೆಲ್ಲಿ ಬೇರು ಬಿಡ್ತದೆ? ಬುಡದಾಗೆ ಎಳೇ ಚಿಗುರು ಐತೆ ನೋಡು, ನಾಕು ಬೆರಳುದ್ದ ಚಿವುಟು. ಕೆಳಗಿನ ಎಲೆ ತೆಗೆದು ನೆಳ್ಳಾಗೆ ಇಡು.'

ಅವ್ವ ಕಕ್ಕಾಬಿಕ್ಕಿಯಾಗಿ, ಕಡ್ಡಿ ಕೊಡಿ ಅನ್ನುವ ಹಾಗೆ ಕೈ ಚಾಚಿದಳು.

'ನಾನು ಕೊಡಲ್ಲಪ್ಪ. ಕೊಟ್ರೆ ಹತ್ತಲ್ಲ. ನೀನೇ ಕದ್ಕೋ' ಅಂದು ಅವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಬೆರಳು ತೋರಿಸುವುದು ಅವರು, ಚಿವುಟುವುದು ಅವ್ವ. ನನಗೆ ನಗು ತಡೆಯಲಾಗಲಿಲ್ಲ.

ಚಿವುಟಿದ್ದನ್ನೆಲ್ಲ ಒಗೆಯುವ ಕಲ್ಲಿನ ಮೇಲಿಟ್ಟು ಅವ್ವ ಮೆಲ್ಲಗೆ ಕೇಳಿದಳು: 'ನಾನು ಬರೋದು ನಿಮಗೆ ಗೊತ್ತಿತ್ತಾ ಅಕ್ಕ?'

'ಮೊದಲ್ನೇ ಸಲಾನೇ ಕಂಡಿದ್ದೆ. ಅವತ್ತಿಂದ ಬೇಲಿ ಬಾಗಿಲಿಗೆ ಚಿಲಕಾನೇ ಹಾಕಿಲ್ಲ ಕಣೇ. ಹಿತ್ತಲಿಗೆ ಬಂದೋಳು ಇವತ್ತಾದ್ರೂ ಒಳಗೆ ಬತ್ತೀಯೇನೋ ಅಂತ ದಿನಾ ಕಾಯ್ತಿದ್ದೆ.'

'ಕರೀದೆ ಹೆಂಗೆ ಬರ್ಲಿ?'

'ಈಗ ಕರೀತಿಲ್ವಾ? ಏಳು, ಬಾ.'

ಇಬ್ಬರೂ ಒಳಗೆ ಹೋದರು. ಮೊದಲು ಬಿಕ್ಕುವುದು ಕೇಳಿಸಿತು, ಆಮೇಲೆ ನಗು. ದೀಪ ಹಚ್ಚುವ ಹೊತ್ತಾದರೂ ಅವ್ವ ಮನೆಗೆ ಬರಲಿಲ್ಲ. ಆ ಚಿಗುರುಗಳು ಇನ್ನೂ ಕಲ್ಲಿನ ಮೇಲೇ ಬಾಡುತ್ತಾ ಬಿದ್ದಿದ್ದವು. ಅವ್ವನಿಗೆ ಅವುಗಳ ನೆನಪೇ ಇರಲಿಲ್ಲ. ಕೊನೆಗೆ ನಾನೇ ಆರಿಸಿ ತಂದು ಊರಿದೆ.